ಕಡಲು ಕೇಳಿದವನನ್ನು ಕಪಾಟಿನಲ್ಲಿ ನಿಲ್ಲಿಸಿದರು: ಚಾರ್ಲ್ಸ್ ಬರ್ನ್ ಕತೆ

ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಐದು ವರ್ಷಕ್ಕೂ ಹೆಚ್ಚು ಕಾಲ ನವೀಕರಣಕ್ಕೆಂದು ಮುಚ್ಚಿತ್ತು. 2023ರ ಮೇ ತಿಂಗಳಲ್ಲಿ ಮತ್ತೆ ಬಾಗಿಲು ತೆರೆದಾಗ ಅಲ್ಲಿನ ಅತಿ ಹೆಸರುವಾಸಿ ವಸ್ತು ಕಾಣೆಯಾಗಿತ್ತು. ಮ್ಯೂಸಿಯಂನ ಲೆಕ್ಕದಲ್ಲಿ ಅದು ವಸ್ತು. ನಮ್ಮ ನಿಮ್ಮ ಲೆಕ್ಕದಲ್ಲಿ, 7 ಅಡಿ 7 ಇಂಚು ಎತ್ತರದ ಒಬ್ಬ ಮನುಷ್ಯನ ಅಸ್ಥಿಪಂಜರ. ಹೆಸರು ಚಾರ್ಲ್ಸ್ ಬರ್ನ್, ಊರು ಐರ್ಲೆಂಡ್, ಸತ್ತಾಗ ವಯಸ್ಸು ಬರೀ 22. ತನ್ನ ಹೆಣವನ್ನು ಏನು ಮಾಡಬೇಕು ಅನ್ನೋದನ್ನು ಆತ ಸ್ಪಷ್ಟವಾಗಿ ಹೇಳಿಯೇ ಸತ್ತಿದ್ದ. ಆ ಮಾತನ್ನು ಮೀರಿದ್ದಕ್ಕೆ ಈಗ 240 ವರ್ಷ ದಾಟಿದೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ಕತೆಯಲ್ಲಿ ಇನ್ನೊಬ್ಬ ದೊಡ್ಡ ಮನುಷ್ಯ ಬರುತ್ತಾನೆ, ಸರ್ಜನ್ ಜಾನ್ ಹಂಟರ್. ಕನ್ನಡದಲ್ಲಿ ಬರೆಯುವಾಗ ವೈದ್ಯರಿಗೆ ಬಹುವಚನ, ಜಾತ್ರೆಯಲ್ಲಿ ನಿಂತು ದುಡಿದವನಿಗೆ ಏಕವಚನ ತಾನಾಗೇ ಬಂದುಬಿಡುತ್ತೆ. ಇಲ್ಲಿ ಇಬ್ಬರಿಗೂ ಏಕವಚನ.

ಬರ್ನ್ ಹುಟ್ಟಿದ್ದು 1761ರಲ್ಲಿ, ಇವತ್ತಿನ ಉತ್ತರ ಐರ್ಲೆಂಡಿನ ಲಿಟಲ್‌ಬ್ರಿಡ್ಜ್ ಅನ್ನೋ ಸಣ್ಣ ಹಳ್ಳಿಯಲ್ಲಿ. ಡೆರ್ರಿ ಮತ್ತು ಟಿರೋನ್ ಜಿಲ್ಲೆಗಳು ಸೇರುವ ಜಾಗ ಅದು. ಅಪ್ಪ ಅಮ್ಮ ಇಬ್ಬರದೂ ಸಾಧಾರಣ ಎತ್ತರ. ಹುಡುಗ ಮಾತ್ರ ನಿಲ್ಲದೆ ಬೆಳೆದ. ಊರಿನವರು ಇದಕ್ಕೊಂದು ಕಾರಣವನ್ನೂ ಹುಡುಕಿಕೊಂಡಿದ್ದರು: ದಂಪತಿಗೆ ಈ ಮಗು ದಕ್ಕಿದ್ದು ಎತ್ತರದ ಹುಲ್ಲಿನ ಬಣವೆಯ ಮೇಲಂತೆ, ಅದಕ್ಕೇ ಹೀಗೆ. ನಗು ಬರುತ್ತೆ. ಆದರೆ ಆ ಕಾಲದ ವೈದ್ಯರ ಹತ್ತಿರ ಇದಕ್ಕಿಂತ ಒಳ್ಳೆಯ ವಿವರಣೆ ಏನೂ ಇರಲಿಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಬ್ರಿಟಿಷರ ಆಳ್ವಿಕೆಯ ಐರ್ಲೆಂಡಿನಲ್ಲಿ ಬಡವರ ಮನೆಯ ಹುಡುಗನಿಗೆ ದೇಹವೇ ಬಂಡವಾಳ. ಸುತ್ತಮುತ್ತಲ ಊರಿನ ಜೋ ವ್ಯಾನ್ಸ್ ಎಂಬಾತ ಈ ಬಂಡವಾಳವನ್ನು ಗುರುತಿಸಿದ. ಬರ್ನ್‌ನನ್ನು ಕರೆದುಕೊಂಡು ಊರೂರು ತಿರುಗಿ, ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡ್ ದಾಟಿ, 1782ರ ಏಪ್ರಿಲ್‌ನಲ್ಲಿ ಲಂಡನ್ ತಲುಪಿಸಿದ. ಎಡಿನ್‌ಬರೋದಲ್ಲಿ ಬೀದಿದೀಪದ ಬೆಂಕಿಯಿಂದಲೇ ಬರ್ನ್ ತನ್ನ ಪೈಪು ಹೊತ್ತಿಸಿಕೊಂಡ ಅನ್ನೋ ಕತೆ ಇವತ್ತಿಗೂ ಚಾಲ್ತಿಯಲ್ಲಿದೆ.

ಲಂಡನ್ನಿನಲ್ಲಿ ಬರ್ನ್ ರಾತ್ರೋರಾತ್ರಿ ಹೆಸರು ಮಾಡಿದ. ಇವತ್ತಿನ ಭಾಷೆಯಲ್ಲಿ ವೈರಲ್. ಪತ್ರಿಕೆಗಳಲ್ಲಿ ಜಾಹೀರಾತು ಬಂತು, ಎತ್ತರ 8 ಅಡಿ 2 ಇಂಚು ಅಂತ. ಮೂಳೆ ಅಳೆದಾಗ ಸಿಕ್ಕಿದ್ದು 7 ಅಡಿ 7 ಇಂಚು; ಉಳಿದದ್ದು ವ್ಯಾಪಾರ. ಒಳಗೆ ಹೋಗಿ ನೋಡೋಕೆ ತಲಾ ಎರಡೂವರೆ ಶಿಲಿಂಗ್. ಶ್ರೀಮಂತರು, ಕುಲೀನ ಮಹಿಳೆಯರು, ವಿಜ್ಞಾನಿಗಳು ಎಲ್ಲರೂ ಸಾಲುಗಟ್ಟಿದರು. ನೋಡಿದವರ ಪ್ರಕಾರ ಆತ ಮೆದು ಸ್ವಭಾವದವನು, ಮರ್ಯಾದೆಯಿಂದ ಮಾತಾಡುತ್ತಿದ್ದ, ಒಳ್ಳೆಯ ಬಟ್ಟೆ ಹಾಕುತ್ತಿದ್ದ. ಅದೇ ಆಗಸ್ಟ್‌ನಲ್ಲಿ ಹೇಮಾರ್ಕೆಟ್ ಥಿಯೇಟರಿನಲ್ಲಿ ಹಾರ್ಲೆಕ್ವಿನ್ ಟೀಗ್ ಅನ್ನೋ ಪ್ಯಾಂಟೊಮೈಮ್ ಬಂತು. ಅದಕ್ಕೆ ಪ್ರೇರಣೆ ಬರ್ನ್. ಟೀಗ್ ಅನ್ನೋದು ಐರಿಶ್ ಜನರನ್ನು ಹೀಯಾಳಿಸುವ ಹೆಸರು. ಚಪ್ಪಾಳೆಯೂ ಅವಮಾನವೂ ಒಂದೇ ಟಿಕೆಟ್ಟಿನಲ್ಲಿ.

ಹೊಸತನ ಬಹಳ ದಿನ ಬಾಳಲಿಲ್ಲ. ಬೇರೆ ದೈತ್ಯರು ಲಂಡನ್ನಿಗೆ ಬಂದರು, ಪೈಪೋಟಿ ಹೆಚ್ಚಿತು, ಟಿಕೆಟ್ ದರ ಒಂದು ಶಿಲಿಂಗಿಗೆ ಇಳಿಯಿತು. ಬರ್ನ್ ಕುಡಿಯತೊಡಗಿದ. ಆರೋಗ್ಯ ಕೆಡುತ್ತಾ ಬಂತು. 1783ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಪಬ್ಬಿನಲ್ಲಿ ಆತನ ಜೇಬು ಕತ್ತರಿಸಿದರು. ಬ್ಯಾಂಕಿನ ಮೇಲೆ ನಂಬಿಕೆ ಇಲ್ಲದೆಯೋ ಏನೋ, ದುಡಿದದ್ದನ್ನೆಲ್ಲ ನೋಟಿನ ರೂಪದಲ್ಲಿ ಮೈಮೇಲೇ ಇಟ್ಟುಕೊಂಡಿದ್ದ. ಸುಮಾರು 700 ಪೌಂಡ್. ಕೂಲಿಯಾಳೊಬ್ಬನ ದಶಕಗಳ ದುಡಿಮೆ ಅದು. ಹೋಯಿತು.

ಇಷ್ಟರಲ್ಲಿ ಆತನಿಗೆ ಸಾವು ಹತ್ತಿರ ಬಂದಿದೆ ಅಂತ ಗೊತ್ತಾಗಿತ್ತು. ಸಾವಿಗಿಂತ ಹೆಚ್ಚಾಗಿ ಕಾಡಿದ್ದು ಸತ್ತ ಮೇಲೆ ಏನಾಗುತ್ತೆ ಅನ್ನೋ ಭಯ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1752ರಿಂದ ಇಂಗ್ಲೆಂಡಿನಲ್ಲಿ ಒಂದು ಕಾನೂನು ಜಾರಿಯಲ್ಲಿತ್ತು. ಕೊಲೆ ಮಾಡಿ ಗಲ್ಲಿಗೇರಿದವರ ಹೆಣವನ್ನು ಸರ್ಜನ್ನರಿಗೆ ಕೊಯ್ಯಲು ಕೊಡಬೇಕು, ಅದು ಶಿಕ್ಷೆಯ ಮುಂದುವರಿದ ಭಾಗ. ಹೆಣ ಕೊಯ್ಯಿಸಿಕೊಳ್ಳುವುದು ಅಂದರೆ ಕೊಲೆಗಾರನ ಸಾಲಿಗೆ ಸೇರುವುದು. ದೇಹ ಇಡಿಯಾಗಿ ಇಲ್ಲದಿದ್ದರೆ ಕೊನೆಯ ದಿನ ಎದ್ದು ಬರುವುದು ಹೇಗೆ ಅನ್ನೋ ಧಾರ್ಮಿಕ ಆತಂಕ ಬೇರೆ. ಗಲ್ಲಿನಿಂದ ಸಿಗುವ ಹೆಣ ಸಾಲದೆ ಬಂದಾಗ ಸ್ಮಶಾನದಿಂದ ಕದಿಯುವ ದಂಧೆ ಬೆಳೆಯಿತು. ಕಾನೂನಿನ ಕಣ್ಣಲ್ಲಿ ಹೆಣ ಯಾರ ಆಸ್ತಿಯೂ ಅಲ್ಲ. ಹಾಗಾಗಿ ಹೆಣ ಕದ್ದರೆ ಸಣ್ಣ ಅಪರಾಧ, ಅದರ ಮೇಲಿನ ಬಟ್ಟೆ ಕದ್ದರೆ ದೊಡ್ಡ ಅಪರಾಧ! ಕಳ್ಳರು ಬಟ್ಟೆಯನ್ನು ಗುಂಡಿಯಲ್ಲೇ ಬಿಟ್ಟು ಬರುತ್ತಿದ್ದರು.

ಯಾರ ಹೆಣ ಕದಿಯುತ್ತಿದ್ದರು ಅಂತ ಹೇಳಬೇಕಾಗಿಲ್ಲ. ಕಬ್ಬಿಣದ ಪೆಟ್ಟಿಗೆ, ಕಾವಲುಗಾರ, ಕಲ್ಲಿನ ಸಮಾಧಿ ಇಲ್ಲದವರದ್ದು.

ಬರ್ನ್ ತನ್ನ ಗೆಳೆಯರಿಗೆ ಒಂದೇ ಒಂದು ಕೆಲಸ ಒಪ್ಪಿಸಿದ. ತನ್ನ ಹೆಣವನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಸಮುದ್ರದಲ್ಲಿ ಮುಳುಗಿಸಬೇಕು. ಮಣ್ಣಿನಲ್ಲಿ ಹೂತರೆ ಅಗೆದು ತೆಗೀತಾರೆ, ಕಡಲಿನ ತಳದಿಂದ ತೆಗೆಯೋಕಾಗಲ್ಲ. ಅದಕ್ಕೆ ಬೇಕಾದ ಹಣವನ್ನೂ ಹೊಂದಿಸಿಕೊಟ್ಟ ಅಂತಾರೆ. 1783ರ ಜೂನ್ 1ರಂದು ಕಾಕ್‌ಸ್ಪರ್ ಸ್ಟ್ರೀಟಿನ ಬಾಡಿಗೆ ಕೋಣೆಯಲ್ಲಿ ತೀರಿಕೊಂಡ. ಮನೆಯ ಸುತ್ತ ಸರ್ಜನ್ನರು ಜಮಾಯಿಸಿದರು. ಪತ್ರಿಕೆಗಳು ಇದನ್ನು ತಿಮಿಂಗಿಲದ ಸುತ್ತ ಸೇರಿದ ಬೇಟೆಗಾರರಿಗೆ ಹೋಲಿಸಿ ತಮಾಷೆ ಮಾಡಿದವು.

ಆ ಬೇಟೆಗಾರರಲ್ಲಿ ಮುಂದಿದ್ದವನು ಜಾನ್ ಹಂಟರ್. ಈತನನ್ನು ಬರೀ ಖಳನಾಯಕ ಮಾಡಿ ಮುಗಿಸೋದು ಸುಲಭ, ಆದರೆ ಅದು ಸರಿಯಲ್ಲ. ಸ್ಕಾಟ್ಲೆಂಡಿನ ರೈತ ಕುಟುಂಬದ ಹತ್ತನೇ ಮಗು, ವಿಶ್ವವಿದ್ಯಾಲಯದ ಪದವಿ ಇಲ್ಲ, ಅಣ್ಣನ ಅನಾಟಮಿ ಶಾಲೆಯಲ್ಲಿ ಹೆಣ ಹೊಂದಿಸುವ ಕೆಲಸದಿಂದ ಶುರುಮಾಡಿ ರಾಜನ ಸರ್ಜನ್ ಆದವನು. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಈತನ ಶಿಷ್ಯ. ನಂಬುವುದಕ್ಕಿಂತ ಪ್ರಯೋಗ ಮಾಡಿ ನೋಡಬೇಕು ಅನ್ನೋದನ್ನು ಶಸ್ತ್ರಚಿಕಿತ್ಸೆಗೆ ಕಲಿಸಿದವರಲ್ಲಿ ಈತ ಪ್ರಮುಖ. ಅಂಥವನಿಗೆ ಬರ್ನ್ ಬೇಕೇಬೇಕಿತ್ತು. ಬದುಕಿರುವಾಗಲೇ ಆತನ ಹಿಂದೆ ಒಬ್ಬ ಆಳನ್ನು ಬಿಟ್ಟಿದ್ದ.

ಗೆಳೆಯರು ಶವಪೆಟ್ಟಿಗೆ ಹೊತ್ತು ಮಾರ್ಗೇಟ್ ಕಡಲತೀರದತ್ತ ಹೊರಟರು. ದಾರಿಯಲ್ಲಿ ಎಲ್ಲೋ ಹೆಣ ಕೈಬದಲಾಯಿತು. ಹೆಂಡದಂಗಡಿಯ ಹತ್ತಿರ ಒಂದು ಕೊಟ್ಟಿಗೆಯಲ್ಲಿ ಪೆಟ್ಟಿಗೆ ಇಳಿಸಿದ್ದಾಗ, ಹೆಣದ ಜಾಗದಲ್ಲಿ ಕಲ್ಲು ತುಂಬಿದರು ಅನ್ನೋದು ಪ್ರಚಲಿತ ಕತೆ. ಹಂಟರ್ ಕೊಟ್ಟ ಲಂಚ 500 ಪೌಂಡ್ ಅಂತ ಸಾಮಾನ್ಯವಾಗಿ ಹೇಳ್ತಾರೆ. ಕಡಲಿನಲ್ಲಿ ಮುಳುಗಿದ್ದು ಕಲ್ಲು.

ಹಂಟರ್‌ಗೆ ಸಿಕ್ಕಿಬೀಳುವ ಹೆದರಿಕೆ. ಹೆಣವನ್ನು ಅರ್ಲ್ಸ್ ಕೋರ್ಟಿನ ತನ್ನ ಮನೆಗೆ ಸಾಗಿಸಿ, ತುಂಡು ಮಾಡಿ, ದೊಡ್ಡ ತಾಮ್ರದ ಹಂಡೆಯಲ್ಲಿ ಕುದಿಸಿ ಮೂಳೆ ಬೇರ್ಪಡಿಸಿದ. ಅವಸರದಲ್ಲಿ ಮಾಡಿದ ಕೆಲಸ, ಮೂಳೆ ಕಂದುಬಣ್ಣಕ್ಕೆ ತಿರುಗಿತು. ಇಲ್ಲಿ ನನಗೆ ಅತಿ ಹೆಚ್ಚು ಕಿರಿಕಿರಿಯಾಗುವ ವಿಷಯ ಒಂದಿದೆ. ವಿಜ್ಞಾನಕ್ಕಾಗಿ ಅಂತ ಕದ್ದ ಹೆಣದ ಮೇಲೆ ವಿಜ್ಞಾನವೇ ನಡೆಯಲಿಲ್ಲ. ಮಿದುಳು, ಹೃದಯ, ಗ್ರಂಥಿಗಳು ಎಲ್ಲವೂ ಆ ಹಂಡೆಯಲ್ಲೇ ಕರಗಿಹೋದವು. ಬರ್ನ್ ಯಾಕೆ ಅಷ್ಟು ಬೆಳೆದ ಅನ್ನೋ ಪ್ರಶ್ನೆಗೆ ಉತ್ತರ ಇದ್ದದ್ದು ಆ ಮೆತ್ತನೆಯ ಭಾಗದಲ್ಲೇ. ಹಂಟರ್ ಉಳಿಸಿಕೊಂಡದ್ದು ಟ್ರೋಫಿಯನ್ನು. ಕೆಲವು ವರ್ಷ ಬಚ್ಚಿಟ್ಟು, ಆಮೇಲೆ ಲೆಸ್ಟರ್ ಸ್ಕ್ವೇರಿನ ತನ್ನ ಮ್ಯೂಸಿಯಂನಲ್ಲಿ ನಿಲ್ಲಿಸಿದ. 1786ರಲ್ಲಿ ಕಲಾವಿದ ಜೋಶುವಾ ರೆನಾಲ್ಡ್ಸ್ ಹಂಟರ್‌ನ ಭಾವಚಿತ್ರ ಬರೆದಾಗ, ಮೇಲಿನ ಬಲಮೂಲೆಯಲ್ಲಿ ನೇತಾಡುವ ಎರಡು ಉದ್ದನೆಯ ಪಾದದ ಮೂಳೆಗಳನ್ನೂ ಸೇರಿಸಿದ.

ಇದೇ ಕಾಲದ ಇನ್ನೊಬ್ಬ ಐರಿಶ್ ದೈತ್ಯ ಪ್ಯಾಟ್ರಿಕ್ ಕಾಟರ್. ಬರ್ನ್‌ಗೆ ಆದದ್ದು ಇವನಿಗೆ ಗೊತ್ತಿತ್ತು. ಕೈಯಲ್ಲಿ ಹಣವೂ ಇತ್ತು. 1806ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡಾಗ ಆತನ ಇಚ್ಛೆಯಂತೆ 12 ಅಡಿ ಆಳದಲ್ಲಿ, ಇಟ್ಟಿಗೆ ಕಟ್ಟಿ, ಕಬ್ಬಿಣದ ಸರಳು ಹಾಕಿ ಹೂತರು. ಒಂದೇ ಕಾಯಿಲೆ, ಒಂದೇ ಕಸುಬು. ವ್ಯತ್ಯಾಸ ಜೇಬಿನಲ್ಲಿ.

ಹಂಟರ್ ಸತ್ತ ಮೇಲೆ ಸರ್ಕಾರ 1799ರಲ್ಲಿ 15,000 ಪೌಂಡ್ ಕೊಟ್ಟು ಆತನ ಸಂಗ್ರಹವನ್ನು ಕೊಂಡು ಸರ್ಜನ್ನರ ಸಂಸ್ಥೆಗೆ ಒಪ್ಪಿಸಿತು. ಕದ್ದ ಮಾಲು ಹೀಗೆ ಸರ್ಕಾರಿ ಆಸ್ತಿಯಾಯಿತು.

ಈ ಮೂಳೆ ಮಾತಾಡಿದ್ದು 1909ರಲ್ಲಿ, ಬರ್ನ್ ಸತ್ತು 126 ವರ್ಷದ ಮೇಲೆ. ಅಮೆರಿಕದ ನರಶಸ್ತ್ರಜ್ಞ ಹಾರ್ವೆ ಕುಶಿಂಗ್ ಲಂಡನ್ನಿಗೆ ಬಂದಿದ್ದಾಗ ಮ್ಯೂಸಿಯಂನ ಆರ್ಥರ್ ಕೀತ್ ಜೊತೆ ಸೇರಿ ತಲೆಬುರುಡೆ ತೆರೆಸಿ ನೋಡಿದ. ಮಿದುಳಿನ ಕೆಳಗೆ, ಮೂಗಿನ ಹಿಂಭಾಗಕ್ಕೆ, ಮೂಳೆಯಲ್ಲಿ ಒಂದು ಸಣ್ಣ ಗುಳಿ ಇರುತ್ತೆ. ಪಿಟ್ಯುಟರಿ ಗ್ರಂಥಿ ಕೂರುವ ಜಾಗ ಅದು. ಗ್ರಂಥಿ ಇರೋದು ಹೆಚ್ಚುಕಡಿಮೆ ಕಡಲೆಕಾಳಿನಷ್ಟು. ಬರ್ನ್ ತಲೆಯಲ್ಲಿ ಆ ಗುಳಿ ಹಿಗ್ಗಿತ್ತು. ಅಲ್ಲಿ ಗೆಡ್ಡೆ ಬೆಳೆದಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಇಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಅನ್ನೋ ವಿಷಯ ನನ್ನನ್ನು ಸಾಕಷ್ಟು ಗೋಳುಹೊಯ್ದುಕೊಂಡಿತ್ತು. ಪಿಟ್ಯುಟರಿಯನ್ನು ಅರ್ಥ ಮಾಡಿಕೊಳ್ಳೋಕೆ ಮಾತ್ರ ಅದು ಉಪಯೋಗಕ್ಕೆ ಬಂತು. ಮನೆಯ ಗೀಸರ್ ನೆನೆಸಿಕೊಳ್ಳಿ. ನೀರು ಕಾಯುತ್ತೆ, ಥರ್ಮೋಸ್ಟಾಟ್ ಅದನ್ನು ಗುರುತಿಸಿ ಕರೆಂಟು ನಿಲ್ಲಿಸುತ್ತೆ. ಪಿಟ್ಯುಟರಿ ಬಿಡುಗಡೆ ಮಾಡುವ ಗ್ರೋತ್ ಹಾರ್ಮೋನ್ ಯಕೃತ್ತಿಗೆ ಹೋಗಿ ಐಜಿಎಫ್-1 ಅನ್ನೋ ಇನ್ನೊಂದು ಪದಾರ್ಥವನ್ನು ಮಾಡಿಸುತ್ತೆ. ಮೂಳೆ ಬೆಳೆಸುವ ಕೆಲಸದ ದೊಡ್ಡ ಪಾಲು ಇದರದ್ದು. ಇದು ರಕ್ತದಲ್ಲಿ ಹೆಚ್ಚಾದಾಗ ಮಿದುಳಿಗೆ ಸಂದೇಶ ಹೋಗಿ ಹಾರ್ಮೋನ್ ಕಡಿಮೆಯಾಗಬೇಕು. ಗೆಡ್ಡೆ ಬಂದರೆ ಥರ್ಮೋಸ್ಟಾಟ್ ಕೆಟ್ಟಂತೆ. ಎಷ್ಟು ಕಾದರೂ ಕರೆಂಟು ನಿಲ್ಲಲ್ಲ. ಮೂಳೆಯ ತುದಿಗಳು ಇನ್ನೂ ಮುಚ್ಚಿಕೊಳ್ಳದ ವಯಸ್ಸಿನಲ್ಲಿ ಹೀಗಾದರೆ ದೈತ್ಯ ದೇಹ. ದೊಡ್ಡವರಾದ ಮೇಲೆ ಆದರೆ ಕೈಕಾಲು, ದವಡೆ ದಪ್ಪವಾಗುವ ಆಕ್ರೋಮೆಗಲಿ.

ಎತ್ತರ ಮಾತ್ರ ಕಣ್ಣಿಗೆ ಬೀಳುತ್ತೆ. ಈ ಹಾರ್ಮೋನ್ ಕೈ ಹಾಕದ ಜಾಗವೇ ದೇಹದಲ್ಲಿ ಕಡಿಮೆ. ನಮ್ಮ ರಕ್ತನಾಳಗಳ ಒಳಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಇದೆ. ಅದು ಸವೆದಾಗ ದುರಸ್ತಿಗೆ ನೆರವಾಗುವ ಕೋಶಗಳು ಅಸ್ಥಿಮಜ್ಜೆಯಿಂದ ರಕ್ತಕ್ಕೆ ಬರುತ್ತವೆ ಅನ್ನೋ ವಿಚಾರ 1997ರಿಂದ ವಿಜ್ಞಾನಿಗಳ ತಲೆ ತಿನ್ನುತ್ತಿದೆ. ವಯಸ್ಸಾದಂತೆ ಈ ರಿಪೇರಿ ತಂಡ ಕುಗ್ಗುತ್ತೆ. ಗ್ರೋತ್ ಹಾರ್ಮೋನ್ ಕೊಟ್ಟಾಗ ಐಜಿಎಫ್-1 ಏರಿ, ಈ ಕೋಶಗಳ ಸಂಖ್ಯೆಯೂ ಚುರುಕೂ ಹೆಚ್ಚಿದ್ದನ್ನು ಸಣ್ಣ ಸಣ್ಣ ಅಧ್ಯಯನಗಳು ತೋರಿಸಿವೆ. ಪಿಟ್ಯುಟರಿ ಕೆಲಸ ಮಾಡದ ವಯಸ್ಕರು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವುದು ಹೆಚ್ಚು ಅನ್ನೋದನ್ನೂ ಸ್ವೀಡನ್ನಿನ ಸಂಶೋಧಕರು 1990ರಲ್ಲೇ ಗುರುತಿಸಿದ್ದರು. ಹಾಗಂತ ಹಾರ್ಮೋನ್ ಚುಚ್ಚಿಸಿಕೊಂಡರೆ ಯೌವನ ವಾಪಸ್ ಬರುತ್ತೆ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಹೇಳುವವರನ್ನು ನಂಬಬೇಡಿ. ರಿಪೇರಿ ಕೋಶ ಹೆಚ್ಚಾಯಿತು ಅನ್ನೋದು ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು ಅನ್ನೋದಕ್ಕೆ ಸಮ ಅಲ್ಲ. ಅದೇ ಹಾರ್ಮೋನ್ ಅತಿಯಾದರೆ ಹೃದಯದ ಸ್ನಾಯು ದಪ್ಪಗಾಗುತ್ತೆ, ಬಿಪಿ, ಸಕ್ಕರೆ ಏರುತ್ತೆ. ಬರ್ನ್‌ನಂಥವರು ಬೇಗ ಸಾಯುತ್ತಿದ್ದುದು ಇದಕ್ಕೇ.

ಈ ಹಾರ್ಮೋನ್ ಔಷಧಿಯಾದ ಕತೆಯನ್ನೂ ಇಲ್ಲೇ ಹೇಳಬೇಕು. ಯಾಕೆಂದರೆ ಬರ್ನ್‌ನ ಹೆದರಿಕೆ ಇಲ್ಲಿ ಮತ್ತೆ ಎದುರಾಗುತ್ತೆ. ಮಧುಮೇಹಿಗಳಿಗೆ ಹಂದಿ, ದನದ ಇನ್ಸುಲಿನ್ ಕೆಲಸ ಮಾಡಿತು. ಆದರೆ ದನದ ಗ್ರೋತ್ ಹಾರ್ಮೋನ್ ಮನುಷ್ಯರಿಗೆ ಆಗಲ್ಲ. ಮನುಷ್ಯರದ್ದೇ ಬೇಕು. 1958ರಲ್ಲಿ ಅಮೆರಿಕದ ವೈದ್ಯ ಮಾರಿಸ್ ರಾಬೆನ್, ಹೆಣಗಳ ಪಿಟ್ಯುಟರಿಯಿಂದ ತೆಗೆದ ಹಾರ್ಮೋನ್ ಕೊಟ್ಟು ಕುಳ್ಳಗೇ ಉಳಿದಿದ್ದ 17ರ ಹುಡುಗನನ್ನು ಬೆಳೆಸಿದ ವರದಿ ಪ್ರಕಟಿಸಿದ. ಒಂದು ಮಗುವಿನ ಚಿಕಿತ್ಸೆಗೆ ಹತ್ತಾರು ಹೆಣಗಳ ಗ್ರಂಥಿ ಬೇಕು. ದೇಶದೇಶಗಳ ಶವಾಗಾರಗಳಲ್ಲಿ ಸಂಗ್ರಹ ಶುರುವಾಯಿತು. ಬಹಳಷ್ಟು ಕಡೆ ಸತ್ತವರ ಮನೆಯವರಿಗೆ ಇದರ ಸುಳಿವೇ ಇರಲಿಲ್ಲ. ಬರ್ನ್‌ನ ಐರ್ಲೆಂಡನ್ನೇ ತಗೊಳ್ಳಿ. ಅಲ್ಲಿನ ಆಸ್ಪತ್ರೆಗಳು ಮರಣೋತ್ತರ ಪರೀಕ್ಷೆಯ ವೇಳೆ ಪಿಟ್ಯುಟರಿ ತೆಗೆದು ಔಷಧಿ ಕಂಪನಿಗಳಿಗೆ ಕೊಟ್ಟಿದ್ದವು, ಸತ್ತ ಮಕ್ಕಳದ್ದೂ ಸೇರಿ. ಅಪ್ಪ ಅಮ್ಮಂದಿರಿಗೆ ಇದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಸರ್ಕಾರ ವಿಚಾರಣೆ ನಡೆಸಿ 2006ರಲ್ಲಿ ವರದಿ ಹೊರತರಬೇಕಾಯಿತು.

ಔಷಧಿ ಪಡೆದ ಮಕ್ಕಳಿಗೂ ಇದು ದುಬಾರಿಯಾಯಿತು. ಸಾವಿರಾರು ಗ್ರಂಥಿ ಒಟ್ಟಿಗೆ ಅರೆದು ಹಾರ್ಮೋನ್ ತೆಗೆಯುವಾಗ, ಕ್ರಾಯ್ಟ್ಸ್‌ಫೆಲ್ಟ್-ಜೇಕಬ್ ಅನ್ನೋ ಮಿದುಳಿನ ಕಾಯಿಲೆ ಇದ್ದ ಒಂದು ಹೆಣ ಸಾಕು, ಇಡೀ ಬ್ಯಾಚ್ ಹಾಳು. 1985ರಲ್ಲಿ ಇದು ಬೆಳಕಿಗೆ ಬಂದು ಅಮೆರಿಕ, ಬ್ರಿಟನ್ ಪೂರೈಕೆ ನಿಲ್ಲಿಸಿದವು. ಜಗತ್ತಿನಾದ್ಯಂತ 200ಕ್ಕೂ ಹೆಚ್ಚು ಜನ ಈ ದಾರಿಯಿಂದ ಬಂದ ಕಾಯಿಲೆಗೆ ಬಲಿಯಾದರು. ಅದೇ ವರ್ಷ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಾರ್ಮೋನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇವತ್ತು ಮಕ್ಕಳು ರಾತ್ರಿ ಮಲಗುವ ಮುಂಚೆ ಚುಚ್ಚಿಕೊಳ್ಳುವ ಪೆನ್ನಿನಲ್ಲಿರೋದು ಅದು. ಹೆಣಗಳ ಅಗತ್ಯ ಮುಗಿಯಿತು.

ಮತ್ತೆ ಬರ್ನ್ ಹತ್ತಿರ ಬರೋಣ. 2011ರಲ್ಲಿ ಲಂಡನ್ನಿನ ಸಂಶೋಧಕರು ಆತನ ಹಲ್ಲಿನಿಂದ ಡಿಎನ್ಎ ತೆಗೆದರು. ಎಐಪಿ ಅನ್ನೋ ಜೀನಿನಲ್ಲಿ ಬದಲಾವಣೆ ಸಿಕ್ಕಿತು. ಅದೇ ಬದಲಾವಣೆ ಉತ್ತರ ಐರ್ಲೆಂಡಿನ ನಾಲ್ಕು ಕುಟುಂಬಗಳಲ್ಲಿ ಇವತ್ತೂ ಇದೆ. ಎಲ್ಲರಿಗೂ ಸುಮಾರು 1,500 ವರ್ಷದ ಹಿಂದೆ ಒಬ್ಬರೇ ಪೂರ್ವಜರು. ಬರ್ನ್ ಹುಟ್ಟಿದ ಮಿಡ್ ಅಲ್ಸ್ಟರ್ ಭಾಗದಲ್ಲಿ ಸುಮಾರು 150 ಜನರಲ್ಲಿ ಒಬ್ಬರು ಇದನ್ನು ಹೊತ್ತಿದ್ದಾರೆ ಅಂತ ಮುಂದಿನ ಅಧ್ಯಯನ ಹೇಳಿತು. ಈಗ ಅಲ್ಲಿ ರಕ್ತ ಪರೀಕ್ಷೆ ಮಾಡಿ, ಗೆಡ್ಡೆ ಬರುವ ಮೊದಲೇ ಎಚ್ಚರವಹಿಸಬಹುದು. ಇದು ನಿಜವಾದ ಲಾಭ, ಅದನ್ನು ಅಲ್ಲಗಳೆಯೋದು ಅಪ್ರಾಮಾಣಿಕತೆ.

ಮೂಳೆ ಇಟ್ಟುಕೊಳ್ಳಬೇಕು ಅನ್ನುವವರ ವಾದ ನಿಂತಿರೋದು ಇದರ ಮೇಲೇ. ನನಗೆ ಒಪ್ಪಿಗೆಯಾಗಲ್ಲ. ಹಂಟರ್ ಹೆಣ ಕದ್ದಾಗ ಡಿಎನ್ಎ ಕನಸಿನಲ್ಲೂ ಇರಲಿಲ್ಲ. 228 ವರ್ಷದ ನಂತರ ಸಿಕ್ಕ ಲಾಭವನ್ನು ಆವತ್ತಿನ ಕಳ್ಳತನದ ಖಾತೆಗೆ ಜಮಾ ಮಾಡೋಕೆ ಬರಲ್ಲ. ಮೇಲಾಗಿ, ಬೇಕಾದ ಮಾಹಿತಿ ಈಗಾಗಲೇ ಸಿಕ್ಕಿದೆ, ಬದುಕಿರುವ ಕುಟುಂಬಗಳು ಒಪ್ಪಿಗೆ ಕೊಟ್ಟೇ ರಕ್ತ ಕೊಡುತ್ತಿವೆ. 2011ರ ಕೊನೆಯಲ್ಲಿ ಒಬ್ಬ ವೈದ್ಯಕೀಯ ನೀತಿತಜ್ಞ ಮತ್ತು ಒಬ್ಬ ಕಾನೂನು ವಿದ್ವಾಂಸ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದೇ ವಾದ ಮುಂದಿಟ್ಟು, ಬರ್ನ್‌ನನ್ನು ಕಡಲಿಗೆ ಒಪ್ಪಿಸಿ ಅಂದರು. ಆತನ ಬಗ್ಗೆ ಕಾದಂಬರಿ ಬರೆದಿದ್ದ ಹಿಲರಿ ಮ್ಯಾಂಟೆಲ್ 2020ರಲ್ಲಿ, ಐರ್ಲೆಂಡಿಗೆ ಕಳಿಸಿ ಅಂತ ಒತ್ತಾಯಿಸಿದಳು.

ಇದು ದೂರದ ಊರಿನ ಹಳೇ ಕತೆ ಅನ್ನಿಸಬಹುದು. 1832ರಲ್ಲಿ ಬ್ರಿಟನ್ ಹೆಣ ಕಳ್ಳತನ ನಿಲ್ಲಿಸೋಕೆ ಅನಾಟಮಿ ಕಾಯ್ದೆ ತಂದಿತು. ಗಲ್ಲಿಗೇರಿದವರ ಬದಲು, ಬಡವರ ಆಶ್ರಯಮನೆಯಲ್ಲಿ ಸತ್ತು ಯಾರೂ ಕೇಳದ ಹೆಣಗಳನ್ನು ಸರ್ಜನ್ನರಿಗೆ ಕೊಡುವ ವ್ಯವಸ್ಥೆ ಅದು. ಶಿಕ್ಷೆ ಕೊಲೆಗಾರರಿಂದ ಬಡವರಿಗೆ ವರ್ಗವಾಯಿತು ಅಂತ ಆವತ್ತೇ ಜನ ಸಿಟ್ಟಾಗಿದ್ದರು. ನಮ್ಮಲ್ಲಿ 1957ರ ಕರ್ನಾಟಕ ಅನಾಟಮಿ ಕಾಯ್ದೆ ಇದೆ, ಮೊದಲು ಮೈಸೂರು ಅನಾಟಮಿ ಕಾಯ್ದೆ. ಬೇವಾರಸು ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ಅದು ಅವಕಾಶ ಮಾಡಿಕೊಡುತ್ತೆ. ಸ್ವಇಚ್ಛೆಯ ದೇಹದಾನಕ್ಕೂ ಅದರಲ್ಲಿ ಜಾಗ ಇದೆ. ನಮ್ಮ ಡಾಕ್ಟರುಗಳು ಕಲಿಯಬೇಕಾದರೆ ದೇಹ ಬೇಕು, ಒಪ್ಪೋಣ. ಆದರೆ ಬೇವಾರಸು ಅನ್ನೋ ಪದದ ಒಳಗೆ ಯಾರಿರುತ್ತಾರೆ? ಮೆಜೆಸ್ಟಿಕ್‌ನ ಫುಟ್‌ಪಾತಿನಲ್ಲಿ ಮಲಗಿದ್ದವರು, ಊರು ಬಿಟ್ಟು ಕಟ್ಟಡ ಕೆಲಸಕ್ಕೆ ಬಂದವರು. ಇವರು ಯಾರೂ ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. ಬರ್ನ್ ಬೇಡ ಅಂದಿದ್ದ. ಅದೂ ಲೆಕ್ಕಕ್ಕೆ ಬರಲಿಲ್ಲ.

2023ರ ಜನವರಿಯಲ್ಲಿ ಮ್ಯೂಸಿಯಂನ ಟ್ರಸ್ಟಿಗಳು ತೆಗೆದುಕೊಂಡ ತೀರ್ಮಾನ ಅರ್ಧಂಬರ್ಧ. ಅಸ್ಥಿಪಂಜರವನ್ನು ಪ್ರದರ್ಶನಕ್ಕೆ ಇಡುವುದಿಲ್ಲ, ಆದರೆ ಸಂಶೋಧನೆಗಾಗಿ ತಮ್ಮ ಬಳಿಯೇ ಉಳಿಸಿಕೊಳ್ಳುತ್ತಾರೆ. ಮಾರ್ಗೇಟ್‌ನ ಕಡಲಿಗಾಗಲಿ, ಲಿಟಲ್‌ಬ್ರಿಡ್ಜ್‌ನ ಮಣ್ಣಿಗಾಗಲಿ ಹೋಗುವ ಸೂಚನೆ ಇಲ್ಲ. ರೆನಾಲ್ಡ್ಸ್ ಬರೆದ ಹಂಟರ್‌ನ ಭಾವಚಿತ್ರವೂ ಸರ್ಜನ್ನರ ಕಾಲೇಜಿನ ಬಳಿಯೇ ಇದೆ. ಅದರ ಬಲಮೂಲೆಯಲ್ಲಿ ಆ ಎರಡು ಪಾದಗಳು ಈಗಲೂ ನೇತಾಡುತ್ತಿವೆ.